ಆಷಾಢ ಕಳೆಯಲಿ

ಕಿತ್ತೂರು
೨೮ ಮೇ ೨೦೨೩

ಪ್ರೀತಿಯ ಭಾರ್ಗವಣ್ಣಾ,

ನಿನ್ನ ಕಿವಿಗೂ ಫೋನಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಮೊನ್ನೆ ನಿಮ್ಮ ನೆರೆಮನೆಯ ಶೆಟ್ಟೆವ್ವನ ಮೊಬೈಲಿಗೆ ಹಚ್ಚಿ, "ಅಣ್ಣಾ, ನಾ ಪಾಸಾದೆ!" ಅಂತ ಕೂಗಿದರೆ, ನೀನು "ಯಾರು ಹೋದ್ರು? ಯಾವಾಗ?" ಅಂತ ಅಳಲಿಕ್ಕೆ ತಯಾರಾದೆ. ಹಿಂದಿನಿಂದ ನಿನ್ನ ಹೆಂಡತಿ, ನಮ್ಮ ಶರ್ವರಿ ವೈನಿ, ನಗುವುದು ನನಗಿಲ್ಲಿ ಕೇಳಿತು. ಸಾಕಪ್ಪಾ ನಿನ್ನ ಸಂಗಡ ಫೋನು, ನಮಗೆ ಕಾಗದವೇ ಸೈ.

ಯಾರೂ ಹೋಗಿಲ್ಲ. ನಾನು ಆರೋಗ್ಯ ವಿಮೆಯ ಏಜೆಂಟರ ಪರೀಕ್ಷೆ ಪಾಸಾಗಿದ್ದೇನೆ. ಈ ವಯಸ್ಸಿನಲ್ಲಿ ಯಾಕೆ ಅಂತ ನೀನು ಕೇಳುತ್ತೀ. ಹೋದ ವರ್ಷ ಇವರ ಹೃದಯಕ್ಕೆ ಸ್ಟೆಂಟ್ ಹಾಕಿಸುವಾಗ ಇವರ ಆಫೀಸಿನ ವಿಮೆ ಇತ್ತು, ಪಕ್ಕದ ಹಾಸಿಗೆಯವನಿಗೆ ಇರಲಿಲ್ಲ. ಅವನ ಹೆಂಡತಿ ಕೊರಳಿನದು ಬಿಚ್ಚಿ ಕೊಟ್ಟದ್ದನ್ನು ಕಣ್ಣಾರೆ ಕಂಡೆ. ಅವತ್ತೇ ನಿಶ್ಚಯ ಮಾಡಿದೆ.

ಆದರೆ ಜನ ಇದ್ದಾರಲ್ಲ, ನಮಸ್ಕಾರ ಅವರಿಗೆ! ಸಂಪಗಾಂವದ ತಾಯವ್ವ ಅನ್ನುತ್ತಾಳೆ, "ಅಕ್ಕಾರ, ಬರೂ ಬ್ಯಾನಿ ತಾನ ಬರತೈತಿ. ಅದಕ್ಕ ಈಗ ಕುಂಕುಮ ಹಚ್ಚಿ ಕರದ ಬರೂದೇನ್ರಿ?" ನಮ್ಮ ಓಣಿಯ ಟೇಲರ್ ಸಿದ್ದರಾಮನದು ಇನ್ನೂ ಮೇಲು. "ವರ್ಷಾನಗಟ್ಲೆ ತುಂಬಿ ಬ್ಯಾನಿ ಬರಲಿಲ್ಲಂದ್ರ ರೊಕ್ಕಾ ತಿರುಗಿ ಕೊಡತೀರೇನ್ರಿ?" ಬರದಿದ್ದರೆ ನಿಮ್ಮ ಪುಣ್ಯ ಅಲ್ಲವೇನ್ರಿ ಅಂದೆ. "ಪುಣ್ಯಾ ನಮ್ಮದು, ರೊಕ್ಕಾ ಮಾತ್ರ ಕಂಪನಿದು! ಛಲೋ ಐತಲ್ರಿ!" ಅಂದು ಹೊಲಿಗೆಯ ಮಷೀನು ತುಳಿದ.

ಸಂಪಗಾಂವದ ಸತ್ಯಪ್ಪನ ಕಥೆ ಕೇಳು. ನಾನು ಎಷ್ಟು ಸಲ ಹೋದರೂ ನಾಳೆ ಬರ್ರಿ ಅಂದ. ಆಮೇಲೆ ಏದುಸಿರು ಬಂದು ಬೈಲಹೊಂಗಲದ ದವಾಖಾನೆಗೆ ಹೋದ. ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಓಡಿ ಬಂದ, ಪಾಲಿಸಿ ಮಾಡಿಸಲಿಕ್ಕೆ. ಆಯಿತೇ? ಡಾಕ್ಟರ ಚೀಟಿಯ ಮೇಲೆ ರೋಗದ ಹೆಸರು ಬಿದ್ದ ಮೇಲೆ ಯಾವ ಕಂಪನಿಯೂ ಬಾಗಿಲು ತೆಗೆಯುವುದಿಲ್ಲ. ದವಾಖಾನೆಯ ಮೆಟ್ಟಿಲು ಹತ್ತುವ ಮೊದಲೇ ಪಾಲಿಸಿ ಕೈಯಲ್ಲಿರಬೇಕು. ನೀನೂ ವೈನಿಯೂ ಈ ಮಾತು ಚೆನ್ನಾಗಿ ನೆನಪಿಟ್ಟುಕೊಳ್ಳಿರಿ. ನನ್ನ ಬೋಣಿಗೆ ನಿಮ್ಮಿಂದಲೇ ಆಗಬೇಕು.

ನಿನ್ನ,
ಜ್ಯೋತ್ಸ್ನಾ


ಚಚಡಿ
೧೨ ಜೂನ್ ೨೦೨೩

ಏಜೆಂಟಬಾಯಿಯವರಿಗೆ ಚಚಡಿಯ ಕಿವುಡ ಭಟ್ಟನ ಆಶೀರ್ವಾದಗಳು.

ಪಾಸಾದದ್ದಕ್ಕೆ ಸಂತೋಷ. ಪಾಲಿಸಿಗೆ ಮಾತ್ರ ದೊಡ್ಡ ನಮಸ್ಕಾರ. ನಾನು ದಿನ ಬೆಳಗಾದರೆ ಊರಿಗೆಲ್ಲ ಆಯುಷ್ಯ ಆರೋಗ್ಯ ಕೊಡಲಿ ಅಂತ ಅಕ್ಷತೆ ಹಾಕುವವನು. ನಾನೇ ರೋಗಕ್ಕೆ ವಿಮೆ ಮಾಡಿಸಿದೆ ಅಂತ ಗೊತ್ತಾದರೆ ಕಟ್ಟೆಯ ಮೇಲೆ ಕೂತವರು ಬಿಟ್ಟಾರೆಯೇ? "ಭಟ್ಟರಿಗೇ ತಮ್ಮ ಅಕ್ಷತಿ ಮ್ಯಾಲ ಭರೋಸಾ ಇಲ್ಲ ನೋಡ್ರೋ" ಅಂತಾರೆ. ಮುಂದೆ ನನ್ನನ್ನು ಸತ್ಯನಾರಾಯಣ ಪೂಜೆಗೆ ಯಾವನು ಕರೆಯುತ್ತಾನೆ? ವಕೀಲನಿಗೆ ಕೋಟು ಹೇಗೋ ನನಗೆ ಜನರ ನಂಬಿಕೆ ಹಾಗೆ. ಅದು ಹೋದರೆ ಉಳಿಯುವುದು ಬರೀ ಗಂಟಲು.

ನಿನ್ನ ವೈನಿ ಮಾತ್ರ ನಿನ್ನ ಪಾರ್ಟಿಗೆ ಸೇರಿದ್ದಾಳೆ. ಕಾಗದ ಬಂದ ದಿನ ಅಂಚೆಯವನ ಕೈಯಿಂದ ಇಸಕೊಂಡು ಮೊದಲು ಓದಿದವಳು ಅವಳೇ. ಸಿದ್ದರಾಮನ ಮಾತಿಗೆ ಬಿದ್ದು ಬಿದ್ದು ನಕ್ಕಳು. ಆದರೆ ವಟಸಾವಿತ್ರಿ ಹುಣ್ಣಿಮೆಯ ದಿನ ಆಲದ ಗಿಡಕ್ಕೆ ನೂಲು ಸುತ್ತಿ ಬಂದವಳು, ಮಡಿಸೀರೆಯನ್ನೂ ಬದಲಿಸದೆ ನಿನ್ನ ಕಾಗದ ತೆಗೆದುಕೊಂಡು ಮತ್ತೆ ಕೂತಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಗಟ್ಟಿಯಾಗಿ, "ಮಾಡಸೋಣ್ರಿ ಅದನ್ನ. ಲಗೂ ಮಾಡಸೋಣ್ರಿ" ಅಂದಳು. ಗಂಡನ ಆಯುಷ್ಯಕ್ಕೆ ನೂಲು ಸುತ್ತಿದ್ದು ಸಾಲದೆ ಈಗ ಕಂಪನಿಯನ್ನೂ ಸುತ್ತುತ್ತೀಯಾ ಅಂತ ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ.

ಇರಲಿ. ಅವಳ ಹಟ ನೋಡಿದರೆ ಮಾಡಿಸುವುದೇ ಆದೀತು. ಆದರೆ ಬರುವ ವಾರ ಆಷಾಢ ಹತ್ತುತ್ತದೆ. ಅದರಲ್ಲಿ ಹೊಸದೇನನ್ನೂ ಕೈಗೆ ಎತ್ತಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಆಷಾಢ ಕಳೆಯಲಿ, ನೋಡೋಣ.

ಭಾರ್ಗವ


ಕಿತ್ತೂರು
೨ ಜುಲೈ ೨೦೨೩

ಅಣ್ಣಾ,

ರೋಗ ಬರುವಾಗ ಪಂಚಾಂಗ ನೋಡಿ ಬರುತ್ತದೆಯೇ? ನಿನ್ನಂಥ ಓದಿಕೊಂಡವರೇ ಹೀಗೆ ಮಾಡಿದರೆ ನಾನು ತಾಯವ್ವನಿಗೆ ಏನು ಹೇಳಲಿ? ನೀನು ಪೂಜೆಗೆ ಹೊರಟಾಗ ಬಗಲಲ್ಲಿ ಕೊಡೆ ಇರುತ್ತದಲ್ಲ, ಅದು ಯಾರ ಮೇಲಿನ ಅಪನಂಬಿಕೆ?

ಸರ್ಕಾರದ ಕಾರ್ಡು ಇದೆಯಲ್ಲ ಅಂತ ಅನ್ನಬೇಡ. ನಿಮ್ಮದು ಎಪಿಎಲ್ ಕಾರ್ಡು, ದೊಡ್ಡ ಖಾಸಗಿ ದವಾಖಾನೆಗೆ ಹೋದರೆ ಬಹಳಷ್ಟು ನೀವೇ ಹಾಕಬೇಕಾಗುತ್ತದೆ. ನಿನಗೆ ಸಂಬಳದ ನೌಕರಿಯೂ ಇಲ್ಲ, ಇವರಿಗಿದ್ದಂತೆ ಆಫೀಸಿನ ವಿಮೆಯೂ ಇಲ್ಲ. ಇರುವುದೊಂದು ಮನೆ. ಅದನ್ನು ಮಾರುವ ಪಾಳಿ ಬರಬಾರದು ಅಂತ ಬಡಕೊಳ್ಳುತ್ತಿದ್ದೇನೆ.

ಇನ್ನೊಂದು ಮಾತು. ಪಾಲಿಸಿ ಆದ ಮೇಲೂ ಮೊದಲ ಒಂದು ತಿಂಗಳು, ಅಪಘಾತ ಬಿಟ್ಟರೆ, ಬೇರೆ ಯಾವುದಕ್ಕೂ ಕೊಡುವುದಿಲ್ಲ. ಆದ್ದರಿಂದ ಎಷ್ಟು ತಡ ಮಾಡುತ್ತೀರೋ ಅಷ್ಟೇ ಮುಂದೆ ಹೋಗುತ್ತದೆ. ವೈನಿ, ಈ ಕಾಗದವನ್ನೂ ಮೊದಲು ನೀವೇ ಓದುತ್ತಿದ್ದೀರಿ ಅಂತ ಗೊತ್ತು. ಆ ಭಟ್ಟರ ಬೆನ್ನು ಬಿಡಬೇಡಿರಿ!

ಜ್ಯೋತ್ಸ್ನಾ


ಚಚಡಿ
೨೨ ಜುಲೈ ೨೦೨೩

ಜ್ಯೋತ್ಸ್ನಾಗೆ,

ಪಂಚಾಂಗ ನಾನು ಬರೆದದ್ದಲ್ಲ. ಈ ವರ್ಷ ಶ್ರಾವಣ ಎರಡು. ಈಗ ನಡೆದಿರುವುದು ಅಧಿಕ ಮಾಸ. ಇದರಲ್ಲಿ ದಾನ, ವ್ರತ, ಪಾರಾಯಣ ನಡೆಯುತ್ತವೆ, ಹೊಸ ವ್ಯವಹಾರ ನಡೆಯುವುದಿಲ್ಲ. ನಾನು ಒಳ್ಳೆಯ ದಿನ ಹುಡುಕುತ್ತಿರುವುದು ಹಟಕ್ಕಲ್ಲ ಮಾರಾಯ್ತಿ. ಒಳ್ಳೆಯ ಗಳಿಗೆಯಲ್ಲಿ ಮಾಡಿಸಿದ ಪಾಲಿಸಿ ಜನ್ಮದಲ್ಲಿ ಉಪಯೋಗಕ್ಕೇ ಬರಬಾರದು, ಹಾಗೇ ಪೆಟ್ಟಿಗೆಯಲ್ಲಿ ಕೊಳೆಯಬೇಕು. ಅದು ನನ್ನ ಆಸೆ.

ನಿನ್ನಿಂದ ನಮ್ಮ ಮನೆಯಲ್ಲಿ ಜಗಳ ಹತ್ತಿತು. ಅಧಿಕ ಮಾಸ ಅಂದ ಕೂಡಲೇ ಶರ್ವರಿ ಕೈಯಲ್ಲಿದ್ದ ಸೌಟು ಒಗೆದು, "ಸುಡ್ಲಿ ನಿಮ್ಮ ಪಂಚಾಂಗ!" ಅಂದಳು. ಓಣಿಗೆಲ್ಲ ಕೇಳುವಂತೆ ಅಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಪುಸ್ತಕಕ್ಕೆ ಅವಳು ಕಾಲು ತಾಗಿಸಿದವಳಲ್ಲ. ನನಗೂ ಸಿಟ್ಟು ಬಂತು, ಊಟ ಬಿಟ್ಟು ಎದ್ದು ಹೋದೆ. ಸಂಜೆ ತಾನೇ ಬಂದು ಕಾಲು ಹಿಡಿದಳು. ಅದು ಇನ್ನೂ ಕೆಟ್ಟದಾಗಿ ಅನ್ನಿಸಿತು.

ಅಧಿಕ ಮಾಸದ ವ್ರತ ಹಿಡಿದು ಒಂದೇ ಹೊತ್ತು ಉಣ್ಣುತ್ತಾಳೆ, ಸೊರಗಿದ್ದಾಳೆ. ಬಾವಿಯ ಹಗ್ಗ ಎಳೆಯುವಾಗ ಎಡಗೈ ಉಳುಕಿದೆಯಂತೆ, ಬಟ್ಟೆ ಒಣಹಾಕಲಿಕ್ಕೆ ಕೈ ಮೇಲೆತ್ತುವುದಿಲ್ಲ. ಶೆಟ್ಟೆವ್ವ ಎಣ್ಣೆ ತಿಕ್ಕುತ್ತೇನೆ ಅಂತ ಬಂದರೆ ಮುಟ್ಟಗೊಡಲಿಲ್ಲ. ನೀನಾದರೂ ಎರಡು ಸಾಲು ಬುದ್ಧಿ ಹೇಳು ಅವಳಿಗೆ. ಪಾಲಿಸಿಯ ಮಾತು ಬಿಟ್ಟು.

ಭಾರ್ಗವ


ಕಿತ್ತೂರು
೩೦ ಆಗಸ್ಟ್ ೨೦೨೩

ಅಣ್ಣಾ,

ಸವದತ್ತಿಯ ಬಳಗದವರ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ನೀನು ಬರಲಿಲ್ಲ, ವೈನಿ ಒಬ್ಬರೇ ಬಂದಿದ್ದರು. ನನಗೊಂದು ಸಂಗತಿ ಮನಸ್ಸಿಗೆ ಹತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಹಳ ದಿನಕ್ಕೆ ಕಂಡೆನಲ್ಲ ಅಂತ ಓಡಿಹೋಗಿ ವೈನಿಯನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಅವರು ನನ್ನನ್ನು ದೂಡಿದರು ಅಣ್ಣಾ. "ಸಾಕು ಬಿಡು" ಅಂದರು. ಮುಖ ಹಿಂಡಿಕೊಂಡಿತ್ತು. ಮನೆಯವರಿಗೇ ವ್ಯಾಪಾರ ಮಾಡಲಿಕ್ಕೆ ಹೊರಟವಳು ಅಂತ ನನ್ನ ಮೇಲೆ ಬೇಸರವೇ? ನನ್ನಿಂದ ನಿಮ್ಮಿಬ್ಬರಿಗೆ ಜಗಳವಾಯಿತೆಂದು ಸಿಟ್ಟೇ? ಇದ್ದರೆ ಹೇಳು. ಒಂದು ಪಾಲಿಸಿಗಾಗಿ ವೈನಿಯನ್ನು ಕಳೆದುಕೊಳ್ಳುವವಳಲ್ಲ ನಾನು.

ಬಸ್‌ಸ್ಟ್ಯಾಂಡಿನವರೆಗೆ ಕಳಿಸಲಿಕ್ಕೆ ಹೋದೆ. ಏನಾದರೂ ಮಾತಾಡಿಯಾರು ಅಂತ ಕಾದೆ. ಬಸ್ಸು ಬಂದ ಮೇಲೆ ಕೇಳಿದರು, "ಜ್ಯೋತ್ಸ್ನಾ, ಆ ಮೊದಲಿನ ತಿಂಗಳು ಯಾಕ ಕೊಡೂದಿಲ್ಲ? ಏನರೆ ಮಾಡಿ ಅದನ್ನ ಬಿಡಸ್ಲಿಕ್ಕೆ ಬರೂದಿಲ್ಲೇನು?" ನಾನು ನಕ್ಕುಬಿಟ್ಟೆ. ವೈನಿ, ನೀವೇ ಏಜೆಂಟರಾಗಿರಿ, ನನಗಿಂತ ಚೆನ್ನಾಗಿ ಮಾಡುತ್ತೀರಿ ಅಂದೆ. ಅವರೂ ನಕ್ಕರು.

ಈಗ ನಿಜ ಶ್ರಾವಣ ನಡೆದಿದೆಯಲ್ಲ? ಇನ್ನೇನು ಅಡ್ಡಿ?

ಜ್ಯೋತ್ಸ್ನಾ


ಚಚಡಿ
೨೬ ಸೆಪ್ಟೆಂಬರ್ ೨೦೨೩

ಜ್ಯೋತ್ಸ್ನಾಗೆ,

ತಡವಾಯಿತು. ಶ್ರಾವಣದಲ್ಲಿ ನನಗೆ ಮನೆಯಲ್ಲಿ ಕಾಲೂರಲು ಪುರಸತ್ತಿರಲಿಲ್ಲ. ಒಂದು ಶುಕ್ರವಾರ ಒಳ್ಳೆಯ ದಿನ ನೋಡಿಟ್ಟಿದ್ದೆ. ಶರ್ವರಿ ಬೆಳಿಗ್ಗೆಯೇ ಸೀರೆ ಉಟ್ಟು, ಆಧಾರ್ ಕಾರ್ಡು ಹಿಡಿದುಕೊಂಡು, ನಿನಗೆ ಫೋನ್ ಮಾಡಿಸಲು ಶೆಟ್ಟೆವ್ವನನ್ನೂ ಕೂಡಿಸಿಕೊಂಡು ಕೂತಿದ್ದಳು. ಅಷ್ಟರಲ್ಲಿ ರಾಮದುರ್ಗದ ಕಡೆ ಸಾಲಹಳ್ಳಿಯಿಂದ ವಾಸ್ತುಶಾಂತಿಗೆ ಕರೆಯಲು ಗಾಡಿಯನ್ನೇ ತಂದರು. ಹೋಗದಿದ್ದರೆ ಹೇಗೆ? ತಿರುಗಿ ಬಂದಾಗ ಅವಳು ಅದೇ ಸೀರೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಅವಳಿಗೆ ಏನಾಗಿದೆಯೋ ನನಗೇ ತಿಳಿಯದು. ಪಡಸಾಲೆಯಲ್ಲಿ ಒಬ್ಬಳೇ ಕಣ್ಣೊರೆಸಿಕೊಳ್ಳುತ್ತಾಳೆ. ಅವ್ವನ ನೆನಪಾಯಿತು ಅನ್ನುತ್ತಾಳೆ. ಮುಖ ಬಿಳುಚಿದೆ, ಬೈಲಹೊಂಗಲಕ್ಕೆ ಹೋಗಿ ಒಮ್ಮೆ ಡಾಕ್ಟರಿಗೆ ತೋರಿಸೋಣ ಅಂದೆ. ಎರಡೂ ಕೈ ಜೋಡಿಸಿದಳು. "ಪಾಲಿಸಿ ಆಗೂ ತನಕಾ ದವಾಖಾನಿ ಹೆಸರು ತಗೀಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ." ನೋಡಿದೆಯಾ, ನಿನ್ನ ಶಿಷ್ಯೆ ಎಷ್ಟು ಪಕ್ಕಾ ಆಗಿದ್ದಾಳೆ! ಕಂಪನಿಯವರು ನಿನಗಿಂತ ಮೊದಲು ಇವಳಿಗೆ ಬಹುಮಾನ ಕೊಡಬೇಕು.

ಈ ವಾರ ಪಿತೃಪಕ್ಷ ಹತ್ತುತ್ತದೆ. ಅದು ಮುಗಿದ ಮೇಲೆ ನವರಾತ್ರಿ. ವಿಜಯದಶಮಿಯ ದಿನ ನೀನೇ ಬಾ. ಅದಕ್ಕಿಂತ ಒಳ್ಳೆಯ ದಿನ ವರ್ಷದಲ್ಲಿಲ್ಲ. ಈ ಸಲ ಮಾತು ತಪ್ಪುವುದಿಲ್ಲ.

ಭಾರ್ಗವ


ಕಿತ್ತೂರು
೨೫ ಅಕ್ಟೋಬರ್ ೨೦೨೩

ಅಣ್ಣಾ,

ಮನೆ ಮುಟ್ಟಿದೆ. ನೀವು ಕೊಟ್ಟ ಬನ್ನಿ ಇವರಿಗೂ ಕೊಟ್ಟೆ. ಅಂತೂ ಗೆದ್ದೆ ನೋಡು, ಪಾಲಿಸಿ ನಿನ್ನೆಯಿಂದಲೇ ಶುರು! ಇನ್ನು ನನಗೆ ನಿಶ್ಚಿಂತೆ.

ಪ್ರಶ್ನೆಗಳನ್ನು ನಾನು ಓದುವಾಗ ನೀನು ನೋಡುತ್ತಿದ್ದೆಯಲ್ಲ. ಸಕ್ಕರೆ ರೋಗ, ಬಿಪಿ, ಗಂಟು, ಆಪರೇಷನ್. ನೀನು ಪ್ರತಿಯೊಂದಕ್ಕೂ "ಏನಂದಿ?" ಅಂತ ಮುಂದೆ ಬಾಗುತ್ತಿದ್ದೆ. ವೈನಿ ಮಾತ್ರ ನಾನು ಓದಿ ಮುಗಿಸುವುದರೊಳಗೇ "ಇಲ್ಲ, ಇಲ್ಲ, ಏನೂ ಇಲ್ಲ" ಅನ್ನುತ್ತಿದ್ದರು. ಎಷ್ಟು ಅವಸರ ಅವರಿಗೆ! ತೀರಾ ತೆಳ್ಳಗಾಗಿದ್ದಾರೆ. ಕೇಳಿದರೆ ಅಧಿಕ ಮಾಸದ ಉಪವಾಸ ಅಂದರು. ಇನ್ನಾದರೂ ಎರಡು ಹೊತ್ತು ಉಣ್ಣಲಿಕ್ಕೆ ಹೇಳು.

ಹೊರಡುವಾಗ ನನ್ನ ಕೆನ್ನೆ ಸವರಿ, "ದೊಡ್ಡ ಉಪಕಾರ ಮಾಡಿದಿ" ಅಂದರು. ಸಿಟ್ಟಿಲ್ಲ ಅಂತ ಗೊತ್ತಾಗಿ ಜೀವ ಹಗುರವಾಯಿತು.

ಜ್ಯೋತ್ಸ್ನಾ


ಬೆಳಗಾವಿ
೩ ಡಿಸೆಂಬರ್ ೨೦೨೩

ಜ್ಯೋತ್ಸ್ನಾ,

ದವಾಖಾನೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಶರ್ವರಿಗೆ ಎದೆಯ ಕ್ಯಾನ್ಸರ್. ಬಗಲಿಗೆ, ಶ್ವಾಸಕೋಶಕ್ಕೆ ಹರಡಿದೆ.

ತುಳಸಿ ಲಗ್ನದ ಮಾರನೆಯ ದಿನ ನಾನು ಸಂಧ್ಯಾವಂದನೆ ಮುಗಿಸಿ ಏಳುವಷ್ಟರಲ್ಲಿ ಚೀಲ ತುಂಬಿಕೊಂಡು ನಿಂತಿದ್ದಳು. "ತಿಂಗಳು ಮುಗೀತು. ಇವತ್ತ ದವಾಖಾನಿಗೆ ಕರಕೊಂಡ ಹೋಗ್ರಿ" ಅಂದಳು. ನನಗೆ ಅರ್ಥವಾಗಲಿಲ್ಲ. ಯಾವ ತಿಂಗಳು ಅಂತ ಕೇಳಿದೆ ನಾನು, ಮೂರ್ಖ.

ಇಲ್ಲಿಯ ಡಾಕ್ಟರಮ್ಮ ನೋಡಿ, ಎಷ್ಟು ದಿನವಾಯಿತು ಅಂತ ಕೇಳಿದರು. ಎಂಟು ದಿನ ಅಂದಳಂತೆ. ಅವರು ಇವಳ ಕೈ ಹಿಡಿದುಕೊಂಡು, "ಅಮ್ಮಾ, ಇದು ಎಂಟು ದಿನದ್ದಲ್ಲ. ಖರೇ ಹೇಳ್ರಿ. ಮುಂದಿನ ಔಷಧ ಅದರ ಮ್ಯಾಲೆ ಅದ" ಅಂದರಂತೆ. ನಾನು "ಏನಂತ? ಏನಂತ?" ಅನ್ನುತ್ತಿದ್ದೆ. ಆಗ ಶರ್ವರಿ ನನ್ನ ಕಡೆ ತಿರುಗಿದಳು. ನನಗೆ ಕೇಳಬೇಕೆಂದರೆ ಕೂಗಬೇಕಲ್ಲ. ಕೂಗಿದಳು. "ವಟಸಾವಿತ್ರಿ ಹುಣ್ಣಿವಿ ದಿನಾ ಸ್ನಾನಾ ಮಾಡೂಮುಂದ ಕೈಗೆ ಹತ್ತಿತ್ತರೀ!" ಹೊರಗೆ ಪಾಳಿ ಹಚ್ಚಿ ನಿಂತವರೆಲ್ಲ ಒಳಗೆ ನೋಡಿದರು.

ನನಗ್ಯಾಕ ಹೇಳಲಿಲ್ಲ ಅಂತ ಕೇಳಿದೆ. ಕಾಗದದ ಮೇಲೆ ಬರೆದು ತೋರಿಸಿದಳು. ಕಿವಿಯಲ್ಲಿ ಹೇಳುವ ಮಾತನ್ನು ನಿಮಗೆ ಹೇಗೆ ಹೇಳಲಿ, ಓಣಿಗೆಲ್ಲ ಕೂಗಲೇ? ಅಂತ. ಹೇಳಿದ್ದರೆ ನೀವು ಅವತ್ತೇ ದವಾಖಾನೆಗೆ ಎಳೆದೊಯ್ಯುತ್ತಿದ್ದಿರಿ, ಚೀಟಿಯ ಮೇಲೆ ಹೆಸರು ಬೀಳುತ್ತಿತ್ತು, ಆಮೇಲೆ ಮನೆ ಮಾರುತ್ತಿದ್ದಿರಿ, ಈ ವಯಸ್ಸಿನಲ್ಲಿ ನೀವು ಎಲ್ಲಿ ಇರುತ್ತಿದ್ದಿರಿ? ಅಂತ.

ಚೀಟಿಯ ಮೇಲೆ ಹೆಸರು! ಯಾರು ಬರೆದದ್ದು ಆ ಸಾಲು? ನೀನು! ಮೆಟ್ಟಿಲು ಹತ್ತುವ ಮೊದಲು ಪಾಲಿಸಿ ಇರಬೇಕು ಅಂತ, ನೆನಪಿಟ್ಟುಕೊಳ್ಳಿರಿ ಅಂತ! ಇಟ್ಟುಕೊಂಡಳು ನೋಡು ನೆನಪು! ನಿನಗೆ ಬೋಣಿಗೆ ಬೇಕಿತ್ತು. ನನಗೆ ಮುಹೂರ್ತ ಬೇಕಿತ್ತು. ಆಷಾಢ, ಅಧಿಕ, ಪಿತೃಪಕ್ಷ ಅಂತ ನಾನು ಒಂದೊಂದೇ ಹಾಳೆ ಮಗುಚುತ್ತಿದ್ದೆ, ಅವಳು ಒಳಗೆ ಒಬ್ಬಳೇ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಡಾಕ್ಟರಮ್ಮ ಇನ್ನೂ ಏನೇನೋ ಬರೆದು ತೋರಿಸಿದರು. ಎಲ್ಲ ನಿನಗೆ ಬರೆಯುವ ಶಕ್ತಿ ನನಗಿಲ್ಲ.

ಭಾರ್ಗವ


ಕಿತ್ತೂರು
೭ ಡಿಸೆಂಬರ್ ೨೦೨೩

ಅಣ್ಣಾ,

ನೀನು ಬೈದದ್ದು ಕಡಿಮೆಯೇ ಆಯಿತು. ಇನ್ನೂ ಬೈ.

ನಾನು ತಬ್ಬಿಕೊಂಡಾಗ ಅವರಿಗೆ ನೋವಾಗಿತ್ತು. ನಾನು ಸಿಟ್ಟು ಅಂದುಕೊಂಡೆ. ಮೊದಲಿನ ತಿಂಗಳು ಬಿಡಿಸಲಿಕ್ಕೆ ಬರುವುದಿಲ್ಲವೇ ಅಂತ ಕೇಳಿದರು, ನಾನು ನಕ್ಕೆ. ಅಯ್ಯೋ ಅಣ್ಣಾ, ನಾನು ನಕ್ಕೆ.

ಈಗ ಕೇಳು, ಇದನ್ನು ಓದಿ ಹರಿದುಹಾಕು. ಹುಣ್ಣಿಮೆಯ ದಿನವೇ ಗೊತ್ತಿತ್ತು ಅಂತ ದವಾಖಾನೆಯ ಕಾಗದದಲ್ಲಿದ್ದರೆ ಕಂಪನಿ ಒಂದು ಪೈಸೆ ಕೊಡುವುದಿಲ್ಲ. ಡಾಕ್ಟರಮ್ಮನ ಕಾಲಿಗೆ ಬಿದ್ದು ಅದನ್ನು ತೆಗೆಸು. ಇತ್ತೀಚೆಗೆ ಕಂಡಿತು ಅಂತ ಬರೆಯಲಿ. ಕಂಪನಿಯಿಂದ ಯಾರಾದರೂ ವಿಚಾರಿಸಲಿಕ್ಕೆ ಬಂದರೆ, ನೀನೂ ಹಾಗೇ ಹೇಳು. ನಾನೂ ಹೇಳುತ್ತೇನೆ. ಸಿಕ್ಕಿಬಿದ್ದರೆ ನನ್ನ ಲೈಸೆನ್ಸು ಹೋಗುತ್ತದೆ, ಹೋಗಲಿ, ಜೈಲಿಗೆ ಹಾಕಿದರೂ ಹಾಕಲಿ. ವೈನಿ ಇಷ್ಟು ದಿನ ಜೀವ ಹಿಡಿದುಕೊಂಡು ಕಾದದ್ದು ನೀರುಪಾಲಾಗಬಾರದು.

ಸೋಮವಾರ ಬರುತ್ತೇನೆ. ನನ್ನ ಮುಖ ನೋಡುತ್ತೀಯಲ್ಲ?

ಜ್ಯೋತ್ಸ್ನಾ


ಚಚಡಿ
೧೬ ಡಿಸೆಂಬರ್ ೨೦೨೩

ಚಿ. ಜ್ಯೋತ್ಸ್ನಾ,

ನೀನು ಬಂದು ಹೋದ ಮೇಲೆ ಅವಳಿಗೆ ಸ್ವಲ್ಪ ನಿದ್ದೆ ಹತ್ತಿತು. ಎದುರಿಗೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ನೀನು ಹೇಳಿದಂತೆ ಡಾಕ್ಟರಮ್ಮನನ್ನು ಕೇಳಬೇಕೆಂದೇ ಹೊರಟಿದ್ದೆ. ಸುಳ್ಳು ಹೇಳಲು ನಾನು ತಯಾರಿದ್ದೆ, ದೇವರ ಮುಂದೆ ನಿಂತು ಬೇಕಾದರೂ ಹೇಳುತ್ತಿದ್ದೆ. ಶರ್ವರಿ ಬೇಡ ಅಂದಳು. "ನನ್ನ ಸಲುವಾಗಿ ಜ್ಯೋತ್ಸ್ನಾನ ಅನ್ನಕ್ಕ ಕಲ್ಲು ಬೀಳಬಾರದು. ನಾ ಒಮ್ಮೆ ಸುಳ್ಳು ಹೇಳಿದ್ದೇ ಸಾಕು" ಅಂದಳು. ದಸರೆಯ ದಿನ ನಿನ್ನ ಮುಂದೆ ಏನೂ ಇಲ್ಲ ಅಂದದ್ದು ಅವಳನ್ನು ಕೊರೆಯುತ್ತಿದೆ. ಅಲ್ಲದೆ ಡಾಕ್ಟರಮ್ಮ ಅವತ್ತೇ ಬರೆದಾಗಿದೆ, ತಿದ್ದುವುದಿಲ್ಲ.

"ಜ್ಯೋತ್ಸ್ನಾಗ ಬಯ್ಯಬ್ಯಾಡ್ರಿ. ಅಕೀ ನಮ್ಮ ಛಲೋದಕ್ಕೇ ಬರದಿದ್ಲು" ಅಂತ ದಿನಾ ಕೂಗಿ ಹೇಳುತ್ತಾಳೆ. ಮೊದಲು ಬರೆದ ಕಾಗದಕ್ಕೆ ನನ್ನನ್ನು ಕ್ಷಮಿಸು ತಂಗಿ.

ಭಾರ್ಗವ


ಕಿತ್ತೂರು
೨೦ ಜನವರಿ ೨೦೨೪

ಅಣ್ಣಾ,

ಕಂಪನಿಯವರು ಇಲ್ಲ ಅಂದಿದ್ದಾರೆ. ಮೊದಲೇ ಇದ್ದ ರೋಗ ಮುಚ್ಚಿಟ್ಟದ್ದಂತೆ. ಆ ಶಬ್ದ ಓದಿ ನನ್ನ ಮೈ ಉರಿಯಿತು. ಮುಚ್ಚಿಟ್ಟದ್ದು ಯಾರಿಂದ? ವೈನಿ ತಮ್ಮಿಂದ ತಾವೇ ಮುಚ್ಚಿಟ್ಟುಕೊಂಡರು ಪಾಪ!

ನಾನು ಬಿಡುವವಳಲ್ಲ. ಮೇಲಿನ ಆಫೀಸಿಗೆ ಬರೆದಿದ್ದೇನೆ. ವೈನಿಗೆ ಅದು ಏನೆಂದೇ ಗೊತ್ತಿರಲಿಲ್ಲ, ಡಾಕ್ಟರು ಹೇಳುವವರೆಗೆ ರೋಗಕ್ಕೆ ಹೆಸರೇ ಇರಲಿಲ್ಲ ಅಂತ ವಾದ ಹೂಡಿದ್ದೇನೆ. ಬೈಲಹೊಂಗಲದ ವಕೀಲರೊಬ್ಬರನ್ನೂ ಕಂಡೆ. ಊಟ ಮಾಡುವಾಗಲೂ ಅದೇ ವಿಚಾರ, ಮಲಗಿದಾಗಲೂ ಅದೇ. ಇವರು "ಹುಚ್ಚು ಹಿಡದದ ನಿನಗ" ಅನ್ನುತ್ತಾರೆ. ಹಿಡಿಯಲಿ.

ವೈನಿ ಹೇಗಿದ್ದಾರೆ? ಕ್ಯಾನ್ಸರಿನ ಆ ಇಂಜೆಕ್ಷನ್ನು ತಾಳಿಕೊಳ್ಳುತ್ತಿದ್ದಾರೆಯೇ? ಎರಡು ಸಾಲಾದರೂ ಬರೆ.

ಜ್ಯೋತ್ಸ್ನಾ


ಚಚಡಿ
೧೭ ಫೆಬ್ರವರಿ ೨೦೨೪

ಜ್ಯೋತ್ಸ್ನಾ,

ರಥಸಪ್ತಮಿಯ ದಿನ ಬಿಸಿಲಿಗೆ ಕೂಡಿಸಿದ್ದೆ. ಎರಡು ತುತ್ತು ಉಂಡಳು. ನೀನು ಕಳಿಸಿದ ಕಾಗದಪತ್ರ ಮುಟ್ಟಿವೆ. ಡಾಕ್ಟರಮ್ಮ ಇನ್ನು ಔಷಧದಿಂದ ಉಪಯೋಗವಿಲ್ಲ, ಕರೆತರುವುದು ಬೇಡ ಅಂದಿದ್ದಾರೆ. ಆದಷ್ಟು ಬೇಗ ಬಾ.

ಭಾರ್ಗವ


ಕಿತ್ತೂರು
೧೦ ಏಪ್ರಿಲ್ ೨೦೨೪

ಅಣ್ಣಾ,

ವೈನಿಯ ವೈಕುಂಠ ಸಮಾರಾಧನೆ ಮುಗಿಸಿಕೊಂಡು ಬಂದವಳು ಇವತ್ತಿನವರೆಗೂ ಬರೆಯಲಾಗಲಿಲ್ಲ. ನಿನ್ನೆ ಯುಗಾದಿ. ನೀನು ಒಬ್ಬನೇ ಏನು ಉಂಡೆ? ಶೆಟ್ಟೆವ್ವ ಡಬ್ಬಿ ಕೊಟ್ಟಳೇ?

ಮೇಲಿನವರು ನಮ್ಮ ತಕರಾರು ಕೇಳಲಿಕ್ಕೆ ಒಪ್ಪಿದ್ದಾರೆ! ಇದರ ಸಂಗಡ ಕಳಿಸಿದ ಕಾಗದಕ್ಕೆ ನೀನು ಸಹಿ ಮಾಡಿದರೆ ಸಾಕು, ಉಳಿದದ್ದು ನನ್ನದು. ಅವರು ಕೊಡುವುದನ್ನು ನಾವು ಮುಟ್ಟುವುದು ಬೇಡ, ಯಾರಿಗಾದರೂ ಕೊಟ್ಟುಬಿಡು. ಆದರೆ ಅವರ ಬಾಯಿಂದ ತಪ್ಪಾಯಿತು ಅಂತ ಬರಬೇಕು. ಅವರು ಅವತ್ತೇ ಸರಿಯಾಗಿದ್ದರೆ, ಜನರಿಗೆ ಇಂಥ ಹೆದರಿಕೆ ಇಲ್ಲದಿದ್ದರೆ, ವೈನಿ ಇವತ್ತು ಇರುತ್ತಿದ್ದರು.

ಜ್ಯೋತ್ಸ್ನಾ


ಕಿತ್ತೂರು
೩೦ ಏಪ್ರಿಲ್ ೨೦೨೪

ಅಣ್ಣಾ,

ಯಾಕೆ ಸಹಿ ಮಾಡಿ ಕಳಿಸುತ್ತಿಲ್ಲ? ಶೆಟ್ಟೆವ್ವನಿಗೆ ಫೋನ್ ಮಾಡಿದರೆ, "ಭಟ್ಟರು ಲಕೋಟಿ ಒಡದಿಲ್ರಿ, ದೇವರ ಜಗಲಿ ಮ್ಯಾಲ ಇಟ್ಟಾರ" ಅನ್ನುತ್ತಾಳೆ. ಮುಂದಿನ ವಾರ ಗಡುವು ಮುಗಿಯುತ್ತದೆ. ಹೆಂಡತಿಗಾಗಿ ಒಂದು ಸಹಿ ಮಾಡಲಾರೆಯಾ? ನಾನೊಬ್ಬಳೇ ಹೊಡೆದಾಡಬೇಕೇನು? ನಿನಗೆ ಅವರ ನೆನಪು ಇಷ್ಟು ಬೇಗ ಬೇಡವಾಯಿತೇ?

ಜ್ಯೋತ್ಸ್ನಾ


ಚಚಡಿ
೮ ಮೇ ೨೦೨೪

ಜ್ಯೋತ್ಸ್ನಾ,

ನಾನು ಸಹಿ ಮಾಡುವುದಿಲ್ಲ. ಯಾಕೆ ಅಂತ ಇವತ್ತು ಹೇಳಿಬಿಡುತ್ತೇನೆ, ಕೂತು ಓದು.

ಆ ದಿನ ಬೆಳಗಾವಿಯಲ್ಲಿ ಶರ್ವರಿಯನ್ನು ಸ್ಕ್ಯಾನಿಂಗಿಗೆ ಒಳಗೆ ಕರೆದೊಯ್ದಾಗ ನಾನು ಡಾಕ್ಟರಮ್ಮನನ್ನು ಕೇಳಿದೆ, "ಹುಣ್ಣಿವಿಗೇ ಬಂದಿದ್ರ ಏನಾಗ್ತಿತ್ತರಿ?" ಅವರು ಕಾಗದದ ಮೇಲೆ ಬರೆದು ತೋರಿಸಿದರು. ಆಗ ಅದು ಸಣ್ಣ ಗಂಟು ಇದ್ದೀತು. ಸರ್ಕಾರಿ ದವಾಖಾನೆಯಲ್ಲೇ ತೆಗೆಯುತ್ತಿದ್ದರು, ಔಷಧವೂ ಅಲ್ಲೇ ಸಿಗುತ್ತಿತ್ತು, ಮನೆ ಮಾರುವ ಮಾತೇ ಬರುತ್ತಿರಲಿಲ್ಲ. ಬಹುಶಃ ಜೀವ ಉಳಿಯುತ್ತಿತ್ತು ಅಂತ ಬರೆದಿದ್ದರು.

ಪಾಲಿಸಿ ಬೇಕಾಗಿಯೇ ಇರಲಿಲ್ಲ ಜ್ಯೋತ್ಸ್ನಾ. ಅವಳು ಹಲ್ಲು ಕಚ್ಚಿ ಕಾದದ್ದು ತನಗೆ ಬೇಡವಾಗಿದ್ದ ಒಂದು ವಸ್ತುವಿಗಾಗಿ. ಹುಣ್ಣಿಮೆಯ ಮಾರನೆಯ ದಿನ ಬೆಳಗಿನ ಬಸ್ಸು ಹತ್ತಿದ್ದರೆ ಸಾಕಿತ್ತು. ಕಂಪನಿ ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ.

ಆ ಕಾಗದವನ್ನು ನಾನು ಅಲ್ಲೇ ಹರಿದೆ. ಶರ್ವರಿಗೆ ಹೇಳಲಿಲ್ಲ. ಮನೆ ಉಳಿಸಲಿಕ್ಕೆ ತಾನು ಮಾಡಬೇಕಾದದ್ದನ್ನು ಮಾಡಿದೆ, ಕಂಪನಿಯವರೇ ಕೈ ಬಿಟ್ಟರು ಅಂದುಕೊಂಡೇ ಹೋದಳು. ಔಷಧ ಬೇಗ ನಿಂತದ್ದರಿಂದ ಮನೆ ಮಾರುವ ಪಾಳಿ ಬರಲಿಲ್ಲ. ಹೋಗುವ ಹಿಂದಿನ ದಿನ, ಕೂಗುವ ಶಕ್ತಿ ಇಲ್ಲದೆ, ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದಳು, ನಿಮ್ಮ ಮನೆ ಉಳಿಯಿತಲ್ಲ, ಅಂತ. ನಾನು ಹೂಂ ಅಂದೆ.

ನಿನಗೂ ಹೇಳಲಿಲ್ಲ. ನಿನಗೆ ಜಗಳಾಡಲಿಕ್ಕೆ ಕಂಪನಿ ಇತ್ತು. ಜಗಳಾಡುವವರೆಗೆ ನೀನು ಎದ್ದು ಓಡಾಡುತ್ತೀ, ಉಣ್ಣುತ್ತೀ, ಇರಲಿ ಅಂತ ಬಿಟ್ಟೆ. ಆದರೆ ನಿನ್ನ ಲಕೋಟೆ ಬಂದಾಗೆಲ್ಲ ಅದನ್ನು ಇನ್ನೊಮ್ಮೆ ನುಂಗಬೇಕಾಗುತ್ತದೆ. ಅವಳ ನೆನಪು ಬೇಡವಾಯಿತೇ ಅಂತ ಕೇಳಿದೆಯಲ್ಲ, ಆಗ ನನ್ನ ಗಂಟಲಿನವರೆಗೆ ಬಂದುಬಿಟ್ಟಿತು. ಇದನ್ನು ನಿನ್ನ ತಲೆಯ ಮೇಲೆ ಹೊರಿಸುವುದು ಪಾಪವೇ. ಆದರೆ ನನ್ನ ಬೆನ್ನಿಗೆ ಹುಟ್ಟಿದವಳು ನೀನೊಬ್ಬಳೇ, ಇನ್ಯಾರ ಹತ್ತಿರ ಹೋಗಲಿ? ಇದನ್ನು ಒಬ್ಬನೇ ಇಟ್ಟುಕೊಂಡಿರುವುದು ಇನ್ನು ನನ್ನ ಕೈಲಾಗುವುದಿಲ್ಲ.

ಕಂಪನಿಯ ಜಗಳ ಬಿಟ್ಟುಬಿಡು ತಂಗಿ. ನನ್ನ ಹತ್ತಿರ ಬಂದು ಕೂಡು.

ಭಾರ್ಗವ